ಹಕ್ಕಿ ಕಾಯುವ ಕೆಲಸ

ಇಬ್ಬರು ಒಂದೇ ಪಕ್ಷದಲ್ಲಿ ನಿಂತು ದುಡಿಯುತ್ತಾರೆ. ಒಬ್ಬರ ಕೆಲಸ ಎಣಿಕೆಗೆ ಸಿಗುತ್ತದೆ, ಇನ್ನೊಬ್ಬರದು ಸಿಗುವುದಿಲ್ಲ. ಎಣಿಕೆಗೆ ಸಿಗದ ಕೆಲಸ ಮಾಡಿದವರಿಗೆ ಉಳಿದವರು ಕೊಡಬೇಕಾದದ್ದು ಏನು? ಹಣವೇ, ಹೊಗಳಿಕೆಯೇ, ಅಥವಾ ಬೇರೆ ಏನಾದರೂ ಉಂಟೇ? ಸಂಸಾರ ನಡೆಸುವ ಹೆಂಗಸರಿಗೆಲ್ಲ ಒಂದಲ್ಲ ಒಂದು ದಿನ, ಪಾತ್ರೆ ತೊಳೆಯುವಾಗಲೋ ಬಸ್ಸಿಗೆ ಕಾಯುವಾಗಲೋ, ಈ ಪ್ರಶ್ನೆ ಮನಸ್ಸಿನಲ್ಲಿ ಸುಳಿದೇ ಇರುತ್ತದೆ. ನನಗೆ ಇದನ್ನು ಕಲಿಸಿದ್ದು ಬಿ.ಎಡ್. ತರಗತಿಯ ತತ್ವಶಾಸ್ತ್ರದ ಪುಸ್ತಕವಲ್ಲ, ಟಿ.ವಿ.ಗೆ ಸಿಕ್ಕಿಸಿ ಆಡುವ ಒಂದು ವಿಡಿಯೋ ಗೇಮು ಎಂದರೆ ನೀವು ನಗಬಹುದು. ನಕ್ಕರೂ ಚಿಂತೆಯಿಲ್ಲ, ಸ್ವಲ್ಪ ಕೇಳಿ.

1992ರ ಬೇಸಿಗೆ ರಜೆಯ ಮಾತು. ನಾವಾಗ ರಾಜಾಜಿನಗರದಲ್ಲಿ, ನವರಂಗ್ ಚಿತ್ರಮಂದಿರಕ್ಕೆ ನಡೆದು ಹೋಗುವಷ್ಟು ದೂರದ ಒಂದು ವಠಾರದಲ್ಲಿದ್ದೆವು. ನಾನು ಬಿ.ಎ. ಕೊನೆಯ ವರ್ಷದ ಪರೀಕ್ಷೆ ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿದ್ದೆ. ನನಗಿಂತ ಒಂಬತ್ತು ವರ್ಷ ಚಿಕ್ಕವನಾದ ತಮ್ಮ ಆರನೆಯ ತರಗತಿಗೆ ಹೋಗುವವನಿದ್ದ. ಅವನು ಒಳ್ಳೆಯ ಅಂಕ ತೆಗೆದಿದ್ದಾನೆಂದು ಸೋದರಮಾವ ಎಸ್.ಪಿ. ರೋಡಿನಿಂದ ಒಂದು ವಿಡಿಯೋ ಗೇಮ್ ಪೆಟ್ಟಿಗೆ ತಂದುಕೊಟ್ಟರು. ಯಾವ ಕಂಪನಿಯದೆಂದು ಹೇಳಲಾಗದ ನಕಲು ಮಾಲು. ಜೊತೆಗಿದ್ದ ಹಳದಿ ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳಿವೆ ಎಂದು ಬರೆದಿತ್ತು. ಹಾಕಿ ನೋಡಿದರೆ ಅವೇ ಹತ್ತು ಹದಿನೈದು ಆಟಗಳು ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಅವುಗಳಲ್ಲಿ ಇಬ್ಬರು ಒಟ್ಟಿಗೆ ಆಡಬಹುದಾದ ಟ್ಯಾಂಕ್ ಗೇಮ್ ನಮ್ಮ ಮನೆಯ ಆಟವಾಯಿತು.

ನೋಡದವರಿಗಾಗಿ ಹೇಳುತ್ತೇನೆ. ಪರದೆಯ ತುಂಬ ಇಟ್ಟಿಗೆ ಗೋಡೆಗಳ ಚಕ್ರವ್ಯೂಹ. ಕೆಲವು ಕಡೆ ಒಡೆಯಲಾಗದ ಉಕ್ಕಿನ ಗೋಡೆ, ಕೆಲವು ಕಡೆ ನೀರು, ಕೆಲವು ಕಡೆ ಟ್ಯಾಂಕನ್ನು ಮರೆಮಾಡುವ ಗಿಡಮರ. ಕೆಳಗೆ ಮಧ್ಯದಲ್ಲಿ ಮೂರು ಕಡೆ ಇಟ್ಟಿಗೆ ಕಟ್ಟಿದ ಒಂದು ಪುಟ್ಟ ಗೂಡು, ಅದರೊಳಗೆ ಒಂದು ಹದ್ದಿನ ಚಿಹ್ನೆ. ನಾವು ಅದನ್ನು ಹಕ್ಕಿ ಎನ್ನುತ್ತಿದ್ದೆವು. ಹಕ್ಕಿಯ ಎಡಗಡೆಯಿಂದ ಮೊದಲನೆಯ ಆಟಗಾರನ ಟ್ಯಾಂಕು ಹೊರಡುತ್ತದೆ, ಬಲಗಡೆಯಿಂದ ಎರಡನೆಯವರದು. ಮೇಲಿನಿಂದ ಒಂದಾದ ಮೇಲೊಂದು 20 ಶತ್ರು ಟ್ಯಾಂಕುಗಳು ಇಳಿದು ಬರುತ್ತವೆ. ಅವನ್ನೆಲ್ಲ ಹೊಡೆದರೆ ಮುಂದಿನ ಹಂತ. ಒಂದೇ ಒಂದು ಗುಂಡು ಹಕ್ಕಿಗೆ ತಗುಲಿದರೂ, ನಮ್ಮ ಕೈಯಲ್ಲಿ ಎಷ್ಟು ಲೈಫ್ ಉಳಿದಿರಲಿ, ಇಬ್ಬರ ಆಟವೂ ಮುಗಿದಂತೆ. ಆ ಗುಂಡು ಶತ್ರುವಿನದೇ ಆಗಬೇಕೆಂದಿಲ್ಲ, ನಮ್ಮದೇ ಗುಂಡು ಗುರಿ ತಪ್ಪಿ ತಗುಲಿದರೂ ಅಷ್ಟೇ.

ಆ ಆಟದ ನಿಜವಾದ ಹೆಸರು ಬ್ಯಾಟಲ್ ಸಿಟಿ. ಜಪಾನಿನ ನಾಮ್ಕೋ ಕಂಪನಿ 1985ರಲ್ಲಿ ತಯಾರಿಸಿದ್ದು, ನಿಂಟೆಂಡೊ ಕಂಪನಿ 1983ರಲ್ಲಿ ತಂದಿದ್ದ ಫ್ಯಾಮಿಕಾಮ್ ಎಂಬ ಪೆಟ್ಟಿಗೆಗಾಗಿ. ಒಟ್ಟು 35 ಹಂತಗಳು, ಒಂದೊಂದು ಹಂತಕ್ಕೂ ಬೇರೆ ಬೇರೆ ಗೋಡೆಗಳ ಹಂಚಿಕೆ. ಇದೆಲ್ಲ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮಂಥ ಮನೆಗಳಿಗೆ ಅದು ಬಂದದ್ದು ಹೆಸರು ಕಳೆದುಕೊಂಡು, ನಕಲು ಪೆಟ್ಟಿಗೆಯಲ್ಲಿ ಕೂತು.

ವಠಾರದ ಹಿರಿಯರಿಗೆ ಈ ಆಟ ಹಿಡಿಸಲಿಲ್ಲ. ಬರೀ ಹೊಡೆಯುವುದು ಸಾಯಿಸುವುದು, ಇದಕ್ಕಿಂತ ನಮ್ಮ ಚೌಕಾಬಾರ ವಾಸಿ ಎಂದರು. ಚೌಕಾಬಾರ ನನಗೂ ಪ್ರಿಯವಾದ ಆಟವೇ. ಆದರೆ ಅದರ ನಿಯಮ ಜ್ಞಾಪಿಸಿಕೊಳ್ಳಿ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ನಮ್ಮ ಕಾಯಿ ಒಳಸುತ್ತಿಗೆ ಹೋಗುವಂತಿಲ್ಲ. ಇನ್ನೊಬ್ಬರ ಕೇಡು ನಮ್ಮ ಏಳಿಗೆಗೆ ಮೆಟ್ಟಿಲು. ಅಳಗುಳಿಮಣೆಯಲ್ಲೂ ಇಬ್ಬರು ಎದುರುಬದುರು ಕೂತು ಒಬ್ಬರ ಗುಳಿಯ ಬೀಜ ಇನ್ನೊಬ್ಬರು ಬಾಚಿಕೊಳ್ಳುತ್ತಾರೆ. ಟ್ಯಾಂಕ್ ಗೇಮಿನಲ್ಲಿ ನಾನೂ ತಮ್ಮನೂ ಕೂತದ್ದು ಪಕ್ಕಪಕ್ಕದಲ್ಲಿ, ಒಂದೇ ಕಡೆಗೆ ಮುಖ ಮಾಡಿ, ಒಂದೇ ಹಕ್ಕಿಯನ್ನು ಉಳಿಸುವುದಕ್ಕೆ. ಆಟ ಹಳೆಯದೋ ಹೊಸದೋ ಎಂಬುದರಿಂದ ಅದರ ನೀತಿ ತಿಳಿಯುವುದಿಲ್ಲ. ಆಡುವವರನ್ನು ಅದು ಎದುರಾಗಿ ಕೂರಿಸುತ್ತದೆಯೋ ಜೊತೆಯಾಗಿ ಕೂರಿಸುತ್ತದೆಯೋ ನೋಡಬೇಕು ಎಂದು ನನಗನ್ನಿಸುತ್ತದೆ.

ಆದರೆ ಜೊತೆಯಾಗಿ ಕೂತ ಮಾತ್ರಕ್ಕೆ ಎಲ್ಲವೂ ಸರಿಯಾಗಿಬಿಡುವುದಿಲ್ಲ. ನನ್ನ ಪ್ರಶ್ನೆ ಶುರುವಾಗುವುದೇ ಅಲ್ಲಿಂದ.

ಪೆಟ್ಟಿಗೆ ಬಂದದ್ದು ತಮ್ಮನಿಗೆ. ಆದ್ದರಿಂದ ಮೊದಲನೆಯ ಜಾಯ್‌ಸ್ಟಿಕ್ ಅವನದು, ಎರಡನೆಯದು ನನ್ನದು. ಮನೆಯಲ್ಲಿ ನಾನು ದೊಡ್ಡವಳು, ಅವನ ಲೆಕ್ಕದ ಹೋಂವರ್ಕ್ ತಿದ್ದುವವಳು. ಪೆಟ್ಟಿಗೆಗೆ ಅದೆಲ್ಲ ಎಲ್ಲಿ ತಿಳಿಯಬೇಕು! ಆಟ ಶುರುವಾದೊಡನೆ ಅವನು ಹೇಳುತ್ತಿದ್ದ, "ಅಕ್ಕಾ, ನಾನು ಮೇಲೆ ಹೋಗ್ತೀನಿ. ನೀನು ಹಕ್ಕಿ ಹತ್ರಾನೇ ನಿಂತ್ಕೋ." ನಾನು ನಿಲ್ಲುತ್ತಿದ್ದೆ. ಅವನ ಟ್ಯಾಂಕು ಇಟ್ಟಿಗೆ ಒಡೆದು ದಾರಿ ಮಾಡಿಕೊಂಡು ಮೇಲೆ ಮೇಲೆ ಹೋಗುತ್ತಿತ್ತು. ನನ್ನದು ಗೂಡಿನ ಮುಂದೆ ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ನಾಲ್ಕು ಹೆಜ್ಜೆ. ಅವನ ಕಣ್ಣು ತಪ್ಪಿಸಿ ಇಳಿದು ಬರುವ ಒಂದೋ ಎರಡೋ ಟ್ಯಾಂಕುಗಳು ನನ್ನ ಪಾಲಿಗೆ.

ನಮ್ಮದು ಕಪ್ಪು ಬಿಳುಪು ಟಿ.ವಿ. ಬಣ್ಣದ ಟಿ.ವಿ.ಯಲ್ಲಿ ಒಂದು ಟ್ಯಾಂಕು ಹಳದಿ, ಇನ್ನೊಂದು ಹಸಿರು. ನಮ್ಮಲ್ಲಿ ಎರಡೂ ಬೂದು. ಹೀಗಾಗಿ ಎಷ್ಟೋ ಸಲ ತಮ್ಮ ನನ್ನ ಟ್ಯಾಂಕಿಗೇ ಹೊಡೆಯುತ್ತಿದ್ದ. ಜೊತೆಗಾರರ ಗುಂಡು ತಗುಲಿದರೆ ಪ್ರಾಣ ಹೋಗುವುದಿಲ್ಲ, ಆದರೆ ಒಂದಷ್ಟು ಹೊತ್ತು ಟ್ಯಾಂಕು ಮರಗಟ್ಟಿ ನಿಲ್ಲುತ್ತದೆ. ಶತ್ರು ಪಕ್ಕದಲ್ಲೇ ಹಾದು ಹೋದರೂ ಅಲ್ಲಾಡುವಂತಿಲ್ಲ. ಒಗ್ಗರಣೆ ಹಾಕಿ ಸೌಟು ಹಿಡಿದೇ ಬಂದು ನಿಂತ ಅಮ್ಮ ಒಮ್ಮೆ ಇದನ್ನೆಲ್ಲ ನೋಡಿ, "ಪಾಪ, ಆ ಹಕ್ಕಿಗೆ ಹಾರೋದಕ್ಕೂ ಬರಲ್ವೇನೋ. ಇವರಿಬ್ಬರ ಮಧ್ಯೆ ಕೂತಿದೆ" ಎಂದಿದ್ದರು.

ಹಳ್ಳಿಯ ಕಡೆ 'ಹಕ್ಕಿ ಕಾಯುವುದು' ಎಂದರೆ ಜೋಳದ ತೆನೆಗೆ ಹಕ್ಕಿ ಬೀಳದಂತೆ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸುವುದು. ನಾನು ಕಾದದ್ದು ಹಕ್ಕಿಯನ್ನೇ. ಎರಡು ಕೆಲಸಕ್ಕೂ ಹೋಲಿಕೆಯಿದೆ. ಉತ್ತವರು, ಬಿತ್ತಿದವರು, ಕೊಯ್ದವರು ಸುಗ್ಗಿಯ ದಿನ ನೆನಪಾಗುತ್ತಾರೆ. ಅಟ್ಟಣೆಯ ಮೇಲೆ ಬಿಸಿಲಿನಲ್ಲಿ ನಿಂತವರಿಂದ ಉಳಿದ ಕಾಳು ಎಷ್ಟು ಎಂದು ಕಣದಲ್ಲಿ ಯಾರೂ ಅಳೆಯಲಾರರು.

ಆಟದಲ್ಲಿ ಅಳೆಯುವ ಕ್ರಮವೊಂದಿತ್ತು. ಪ್ರತಿ ಹಂತ ಮುಗಿದ ಮೇಲೆ ಪರದೆಯ ಮೇಲೆ ಲೆಕ್ಕದ ಪಟ್ಟಿ ಬರುತ್ತಿತ್ತು. ಮೊದಲನೆಯ ಆಟಗಾರ ಯಾವ ಜಾತಿಯ ಟ್ಯಾಂಕು ಎಷ್ಟು ಹೊಡೆದ, ಎರಡನೆಯವರು ಎಷ್ಟು ಹೊಡೆದರು ಎಂದು ಟಿಕ್ ಟಿಕ್ ಸದ್ದಿನೊಡನೆ ಎಣಿಸಿ ತೋರಿಸುತ್ತಿತ್ತು. ಹೆಚ್ಚು ಹೊಡೆದವರಿಗೆ 1000 ಅಂಕ ಬಹುಮಾನ. ತಮ್ಮನಿಗೆ ಹದಿನೇಳು, ನನಗೆ ಮೂರು. ಇಬ್ಬರೂ ಒಂದೇ ಪಕ್ಷ, ಒಂದೇ ಹಕ್ಕಿ. ಅಂಕ ಮಾತ್ರ ಬೇರೆ ಬೇರೆ. ಹಕ್ಕಿ ಬದುಕುಳಿಯಿತಲ್ಲ, ಅದಕ್ಕೆ ಅಂಕವೆಷ್ಟು ಎಂಬ ಸಾಲೇ ಆ ಪಟ್ಟಿಯಲ್ಲಿರಲಿಲ್ಲ.

ಇದು ಆಟ ಮಾಡಿದವರ ದುರುದ್ದೇಶವೇನಲ್ಲ. ಇಲ್ಲೊಂದು ನಿಜವಾದ ತೊಡಕಿದೆ. ಹೊಡೆದ ಟ್ಯಾಂಕನ್ನು ಎಣಿಸಬಹುದು, ಅದೊಂದು ಘಟನೆ. ಕಾಯುವ ಕೆಲಸದ ಗೆಲುವು ಎಂದರೆ ಏನೂ ಆಗದಿರುವುದು. ಹಾಲು ಉಕ್ಕಲಿಲ್ಲ, ಮಗುವಿಗೆ ಜ್ವರ ಬರಲಿಲ್ಲ, ಅಕ್ಕಿಗೆ ಹುಳು ಬೀಳಲಿಲ್ಲ, ಅತ್ತೆಯವರ ಮಾತ್ರೆ ತಪ್ಪಲಿಲ್ಲ, ಕರೆಂಟು ಬಿಲ್ಲಿನ ಗಡುವು ಮೀರಲಿಲ್ಲ. ಆಗದೇ ಹೋದದ್ದನ್ನು ಯಾವ ಪಟ್ಟಿಯಲ್ಲಿ ಬರೆಯೋಣ? ಹಾಲು ಉಕ್ಕಿದ ದಿನ ಮಾತ್ರ ಎಲ್ಲರಿಗೂ ಕಾಣುತ್ತದೆ. ಹೀಗಾಗಿ ಕಾಯುವವರು ಲೆಕ್ಕಕ್ಕೆ ಬರುವುದು ಸೋತ ದಿನವೇ.

ದೇಶದ ಲೆಕ್ಕವೂ ಇದೇ ಪಟ್ಟಿಯಂತಿದೆ. ಹೋಟೆಲಿನಲ್ಲಿ ಮಾಡಿದ ಇಡ್ಲಿ ರಾಷ್ಟ್ರೀಯ ವರಮಾನಕ್ಕೆ ಸೇರುತ್ತದೆ, ಮನೆಯಲ್ಲಿ ಮನೆಯವರಿಗೆ ಮಾಡಿದ ಇಡ್ಲಿ ಸೇರುವುದಿಲ್ಲ. ನ್ಯೂಜಿಲೆಂಡಿನ ಮೆರಿಲಿನ್ ವೇರಿಂಗ್ ಎಂಬ ಮಹಿಳೆ 1988ರಲ್ಲಿ ಇದನ್ನೇ ಪ್ರಶ್ನಿಸಿ ಒಂದು ದೊಡ್ಡ ಪುಸ್ತಕ ಬರೆದರು. ನಮ್ಮ ಕೇಂದ್ರ ಸರ್ಕಾರವೂ ಈಗ ಜನರು ಇಪ್ಪತ್ತನಾಲ್ಕು ಗಂಟೆಯನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡುತ್ತಿದೆ. 2019ರ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಅಂಥ ಕೆಲಸ ಮಾಡುವ ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಹೆಂಗಸರದು 289 ನಿಮಿಷಕ್ಕೆ ಇಳಿಯಿತು. ಗಂಡಸರದು ಹೆಚ್ಚಿತೇ ಎಂದು ನೋಡಿದರೆ ಅದೂ 88ಕ್ಕೆ ಇಳಿದಿದೆ! ಮಿಕ್ಸಿ, ಕುಕ್ಕರು, ವಾಷಿಂಗ್ ಮೆಷಿನ್ನುಗಳು ಇಬ್ಬರಿಗೂ ಸಮನಾಗಿ ಉಪಕಾರ ಮಾಡಿದವೋ ಏನೋ.

ಹಾಗಾದರೆ ಉತ್ತರ ಸುಲಭವಲ್ಲವೇ, ಕಾಯುವವರಿಗೂ ಅಂಕ ಕೊಟ್ಟುಬಿಟ್ಟರಾಯಿತು ಎನ್ನಬಹುದು. ನಾನೂ ಬಹಳ ದಿನ ಈ ದಾರಿಯಲ್ಲಿ ಯೋಚಿಸಿದ್ದೇನೆ. ಅಂಕ ಬೇಡವೆಂದು ಹೇಳಲಾರೆ. 'ತಾಯಿಯ ಪ್ರೀತಿಗೆ ಬೆಲೆ ಕಟ್ಟಲಾದೀತೇ' ಎಂಬ ಮಾತನ್ನು ಶಾಲೆಯ ಸಮಾರಂಭಗಳಲ್ಲಿ ಎಷ್ಟು ಸಲ ಕೇಳಿಲ್ಲ! ಬೆಲೆ ಕಟ್ಟಲಾಗದು ಎಂಬ ಮಾತು ಬೆಲೆ ಕೊಡದೆ ಇರುವುದಕ್ಕೆ ಒಳ್ಳೆಯ ನೆಪವೂ ಹೌದು. ಆದರೆ ಬರೀ ಅಂಕದಿಂದ ಸಮಸ್ಯೆ ತೀರುತ್ತದೆಯೇ? ಒಂದು ನಿಮಿಷ ಕಾದಿದ್ದಕ್ಕೆ ಹತ್ತು ಅಂಕ ಎಂದು ಆ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸಿದ್ದರೂ ನಾನು ಹಕ್ಕಿಯ ಮುಂದೆಯೇ ನಿಂತಿರುತ್ತಿದ್ದೆ. ಹೆಚ್ಚು ಅಂಕದ ಜೊತೆ ನಿಂತಿರುತ್ತಿದ್ದೆ, ಅಷ್ಟೇ. ನನ್ನ ಕಿರಿಕಿರಿ ಅಂಕದ್ದಾಗಿರಲಿಲ್ಲ. ಅದು ಏನೆಂದು ತಿಳಿಯಬೇಕಾದರೆ ಕೈಯಲ್ಲಿದ್ದ ಜಾಯ್‌ಸ್ಟಿಕ್ಕನ್ನೇ ನೋಡಬೇಕಿತ್ತು.

ಮೊದಲನೆಯ ಜಾಯ್‌ಸ್ಟಿಕ್ಕಿನ ನಡುವೆ ಎರಡು ಚಿಕ್ಕ ಗುಂಡಿಗಳಿದ್ದವು. ಅದರಲ್ಲೊಂದು ಸ್ಟಾರ್ಟ್. ಆಟ ಶುರುಮಾಡುವುದೂ ಅದರಿಂದಲೇ, ನಡುವೆ ತಡೆದು ನಿಲ್ಲಿಸುವುದೂ ಅದರಿಂದಲೇ. ಎರಡನೆಯದರಲ್ಲಿ ಆ ಗುಂಡಿಗಳೇ ಇರಲಿಲ್ಲ, ಆ ಜಾಗ ಖಾಲಿ. ಜಪಾನಿನ ಮೂಲ ಫ್ಯಾಮಿಕಾಮ್‌ನಲ್ಲೂ ಹಾಗೆಯೇ ಇತ್ತು. ಅಲ್ಲಿ ಆ ಗುಂಡಿಗಳ ಬದಲಿಗೆ ಎರಡನೆಯವರಿಗೆ ಒಂದು ಸಣ್ಣ ಮೈಕು ಕೊಟ್ಟಿದ್ದರಂತೆ. ಎರಡನೆಯವರು ಕೂಗಬಹುದು, ನಿಲ್ಲಿಸುವಂತಿಲ್ಲ! ನಮ್ಮ ನಕಲು ಪೆಟ್ಟಿಗೆಯಲ್ಲಿ ಮೈಕೂ ಇರಲಿಲ್ಲ. ಇದೇನೂ ಯಂತ್ರದ ಧರ್ಮವಲ್ಲ. ಅದೇ ಕಂಪನಿ 1985ರಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡಿದ ಪೆಟ್ಟಿಗೆಯಲ್ಲಿ ಎರಡು ಕೈಗಳಿಗೂ ಒಂದೇ ರೀತಿಯ ಗುಂಡಿಗಳಿದ್ದವು.

ಇದರ ಪರಿಣಾಮ ನೋಡಿ. ತಮ್ಮನಿಗೆ ಬಾಯಾರಿದರೆ ಗುಂಡಿ ಒತ್ತುತ್ತಿದ್ದ, ಟ್ಯಾಂಕುಗಳೆಲ್ಲ ನಿಂತಲ್ಲೇ ನಿಲ್ಲುತ್ತಿದ್ದವು. ನೀರು ಕುಡಿದು ಬರುತ್ತಿದ್ದ. ಬಾಗಿಲಿಗೆ ತರಕಾರಿಯವನು ಬಂದು ನಾನೇಳಬೇಕಾದರೆ, "ಒಂದ್ನಿಮಿಷ ನಿಲ್ಸೋ" ಎಂದು ಕೇಳಬೇಕಿತ್ತು. ಅವನು ಕೆಟ್ಟ ಹುಡುಗನಲ್ಲ. ಕೇಳಿದರೆ ಹತ್ತರಲ್ಲಿ ಏಳು ಸಲ ನಿಲ್ಲಿಸುತ್ತಿದ್ದ. ಆದರೆ ನಿಲ್ಲಿಸುವ ಅಧಿಕಾರ ಒಬ್ಬರಲ್ಲಿದ್ದು ಕೇಳಿಕೊಳ್ಳುವ ಕೆಲಸ ಇನ್ನೊಬ್ಬರದಾದರೆ ಆ ಏಳು ಸಲವೂ ದಯೆಯಾಗುತ್ತದೆಯೇ ಹೊರತು ನ್ಯಾಯವಾಗುವುದಿಲ್ಲ. ಇಬ್ಬರಿಗೂ ಮೂರು ಮೂರೇ ಲೈಫ್, ಒಂದೇ ವೇಗ, ಒಂದೇ ಗುಂಡು. ಪಾಲು ಸಮನಾಗಿಯೇ ಇತ್ತು. ಸಮನಾಗಿಲ್ಲದ್ದು 'ಸಾಕು, ಸ್ವಲ್ಪ ತಡಿ' ಎನ್ನುವ ಶಕ್ತಿ.

ನಮ್ಮ ಸಂಸಾರಗಳಲ್ಲೂ ಎಷ್ಟೋ ಕಡೆ ಪಾಲಿಗೆ ಕೊರತೆಯಿಲ್ಲ. ಊಟ, ಬಟ್ಟೆ, ಬ್ಯಾಂಕಿನಲ್ಲಿ ಜಂಟಿ ಖಾತೆ ಎಲ್ಲವೂ ಇರುತ್ತದೆ. ಸ್ಟಾರ್ಟ್ ಗುಂಡಿ ಯಾರ ಕೈಯಲ್ಲಿದೆ ಎಂದು ಮಾತ್ರ ನಾವು ಕೇಳಿಕೊಳ್ಳುವುದಿಲ್ಲ. ವರ್ಗವಾಯಿತು, ಹೊರಡೋಣ ಎನ್ನುವವರು ಯಾರು? ಈ ಸಲ ಹಬ್ಬಕ್ಕೆ ಇಪ್ಪತ್ತು ಜನ ಬೇಡ, ನನಗೆ ಸುಸ್ತಾಗಿದೆ ಎಂದು ಹೇಳಿ, ಕಾರಣ ವಿವರಿಸದೆ, ಅಳದೆ, ಸುಮ್ಮನೆ ಕೂರುವುದು ಯಾರಿಗೆ ಸಾಧ್ಯ?

ಕನ್ನಡದ ಹೆಂಗಸರಿಗೆ ಇದು ಹೊಸ ವಿಚಾರವೇನಲ್ಲ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಿಮಗೆ ಗೊತ್ತಿದೆ. ಬಿದ್ದ ಅಕ್ಕಿ ಆಯ್ದು ತರುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ, ಹಿಂದಕ್ಕೆ ಹಾಕಿ ಬನ್ನಿ ಎಂದಳು. ನಾವು ಈ ಕಥೆಯನ್ನು ಆಸೆ ಬೇಡವೆಂಬ ನೀತಿಗಾಗಿ ಮಕ್ಕಳಿಗೆ ಹೇಳುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಆ ಮನೆಯಲ್ಲಿ ಹೊರಗಿನಿಂದ ತರುವವನು ಗಂಡ, ಆದರೆ ಸಾಕು ಎಂದು ತಡೆಯುವ ಅಧಿಕಾರ ಹೆಂಡತಿಗೂ ಇತ್ತು, ಆ ಮಾತಿಗೆ ಅವನು ತಲೆಬಾಗಿದ. ಲಕ್ಕಮ್ಮನ ಕೈಯಲ್ಲಿ ಆ ಗುಂಡಿ ಇತ್ತು.

ಇದು ಬರೀ ತರ್ಕವಾಗಿ ಉಳಿಯದಿರಲು ಒಂದು ಪ್ರಸಂಗ ಹೇಳಬೇಕು. 2022ರಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಗ ಅವರಿಗೆ ಎಪ್ಪತ್ತೈದು ದಾಟಿತ್ತು. ಶಸ್ತ್ರಚಿಕಿತ್ಸೆ ಆಯಿತು, ಆದರೆ ಮೊದಲಿನ ಓಡಾಟ ಬರಲಿಲ್ಲ. ಸ್ವಲ್ಪ ಮರೆವೂ ಶುರುವಾಯಿತು. ಅಮ್ಮ ಇರುವುದು ನಮ್ಮ ಜೊತೆ, ಕೆಂಗೇರಿ ಉಪನಗರದಲ್ಲಿ. ನನ್ನ ಶಾಲೆ ವಿಜಯನಗರದಲ್ಲಿ. 2021ರಲ್ಲಿ ಕೆಂಗೇರಿಗೆ ಮೆಟ್ರೋ ಬಂದದ್ದು ದೊಡ್ಡ ಪುಣ್ಯ, ಇಲ್ಲದಿದ್ದರೆ ಮೈಸೂರು ರಸ್ತೆಯಲ್ಲೇ ನನ್ನ ಅರ್ಧ ಆಯುಸ್ಸು. ಬೆಳಿಗ್ಗೆ ಅಮ್ಮನ ಸ್ನಾನ, ತಿಂಡಿ, ಮಾತ್ರೆ. ಸಂಜೆ ಬಂದ ಮೇಲೆ ಕಾಲಿನ ವ್ಯಾಯಾಮ. ರಾತ್ರಿ ಎರಡು ಸಲ ಎದ್ದು ನೋಡುವುದು. ಆಸ್ಪತ್ರೆ, ಔಷಧಿಯ ಓಡಾಟ ನಮ್ಮ ಯಜಮಾನರದು. ತಮ್ಮ ಅಮೆರಿಕದಲ್ಲಿದ್ದಾನೆ. ಪ್ರತಿ ತಿಂಗಳೂ ತಪ್ಪದೆ ಹಣ ಕಳಿಸುತ್ತಿದ್ದ, ಅದರಿಂದಲೇ ಹಗಲು ಹೊತ್ತಿಗೆ ಒಬ್ಬ ಸಹಾಯಕಿಯನ್ನು ಇಟ್ಟುಕೊಂಡೆವು. ಪ್ರತಿ ಭಾನುವಾರ ವಿಡಿಯೋ ಕರೆ. ಪ್ರತಿ ಸಲವೂ ಕೊನೆಗೆ ಅವನು ಹೇಳುವ ಮಾತು, "ಅಕ್ಕ, ನೀನಿದೀಯಲ್ಲ, ನನಗೆ ಧೈರ್ಯ."

ಹೀಗೆ ಒಂದೂವರೆ ವರ್ಷ ಕಳೆದ ಮೇಲೆ ಒಂದು ಭಾನುವಾರ ಅವನು, "ಇನ್ನೂ ಸ್ವಲ್ಪ ಜಾಸ್ತಿ ಕಳಿಸ್ಲಾ?" ಎಂದು ಕೇಳಿದ. "ಹಣ ಸಾಕು ಕಣೋ. ನನಗೆ ಒಂದು ತಿಂಗಳು ನಿಲ್ಲಿಸಬೇಕು" ಎಂದೆ. ಅವನಿಗೆ ಅರ್ಥವಾಗಲಿಲ್ಲ. "ಏನು ನಿಲ್ಲಿಸಬೇಕು?" ಎಂದ. "ಹಕ್ಕಿ ಕಾಯೋದು" ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿದ, "ಯಾವಾಗ ಬರ್ಲಿ?"

2024ರ ಬೇಸಿಗೆಯಲ್ಲಿ ನಲವತ್ತು ದಿನ ರಜೆ ಹಾಕಿ ಬಂದ. ನಾನು ಮೊದಲ ವಾರ ಮನೆಯಲ್ಲೇ ಇದ್ದು ಎಲ್ಲ ತೋರಿಸಿ, ಉಳಿದ ದಿನ ಮಗಳ ಮನೆಗೆ, ಗೆಳತಿಯರ ಜೊತೆ ಮಲೆನಾಡಿಗೆ ಎಂದು ಹೊರಟೆ. ಇಪ್ಪತ್ತನೆಯ ದಿನವೋ ಏನೋ ರಾತ್ರಿ ಹತ್ತಕ್ಕೆ ಅವನ ಫೋನು. ಅಮ್ಮ ಚೆನ್ನಾಗಿದ್ದಾರೆ ಎಂದು ಮೊದಲೇ ಹೇಳಿದ. ಆಮೇಲೆ, "ಅಕ್ಕ, ಒಂದು ವಿಚಿತ್ರ ನೋಡು. ಬೆಳಿಗ್ಗೆಯಿಂದ ಏನೂ ಆಗಿಲ್ಲ. ಹೇಳೋದಕ್ಕೆ ಒಂದು ವಿಷಯಾನೂ ಇಲ್ಲ. ಆದ್ರೂ ಆಫೀಸಿನಲ್ಲಿ ಹನ್ನೆರಡು ಗಂಟೆ ಕೆಲಸ ಮಾಡಿದ್ದಕ್ಕಿಂತ ಸುಸ್ತಾಗಿದೀನಿ" ಎಂದ. ಅದಕ್ಕೆ ನಾನೇನೂ ಉತ್ತರ ಕೊಡಲಿಲ್ಲ. ಅಮ್ಮನಿಗೆ ಮಜ್ಜಿಗೆ ಕೊಟ್ಟೆಯಾ ಎಂದು ಕೇಳಿ ಫೋನಿಟ್ಟೆ. ಇಷ್ಟು ವರ್ಷದಲ್ಲಿ ಯಾವ ಹೊಗಳಿಕೆಯೂ ಕೊಡದ ಸಮಾಧಾನ ಆ ಮಾತಿನಲ್ಲಿತ್ತು. ಅವನು ನನ್ನನ್ನು ಹೊಗಳಿರಲಿಲ್ಲ, ನಾನು ನಿಂತ ಜಾಗದಲ್ಲಿ ನಿಂತು ನೋಡಿದ್ದ. ಈಗ ವರ್ಷಕ್ಕೊಮ್ಮೆ ಬರುವುದೆಂದು ಅವನೇ ಗೊತ್ತುಮಾಡಿಕೊಂಡಿದ್ದಾನೆ. ತಿಂಗಳು ಯಾವುದೆಂದು ಹೇಳುವವಳು ನಾನು.

ಎಲ್ಲರ ಮನೆಯಲ್ಲೂ ಹೀಗೆ ನಡೆಯುತ್ತದೆಂದು ಹೇಳುವ ಧೈರ್ಯ ನನಗಿಲ್ಲ. ಕೇಳಿದರೂ ನಿಲ್ಲಿಸದ ಮನೆಗಳಿವೆ, ಕೇಳುವುದೇ ಅಪರಾಧವಾಗುವ ಮನೆಗಳಿವೆ. ಒಡಹುಟ್ಟಿದವರೇ ಇಲ್ಲದೆ ಒಂಟಿಯಾಗಿ ಕಾಯುವವರೂ ಇದ್ದಾರೆ. ಅವರಿಗೆ ಬೇಕಾದ ನಿಲುಗಡೆಯನ್ನು ನೆರೆಯವರೋ ಊರೋ ಸರ್ಕಾರವೋ ಒದಗಿಸಬೇಕು. ಹಗಲು ಹೊತ್ತು ವೃದ್ಧರನ್ನು ನೋಡಿಕೊಳ್ಳುವ ಜಾಗ ಬಡಾವಣೆಗೊಂದಾದರೂ ಇದ್ದರೆ ಎಷ್ಟು ಮನೆಗಳ ಉಸಿರು ಸಡಿಲವಾದೀತು ಎಂದು ಮೆಟ್ರೋದಲ್ಲಿ ಕೂತು ಎಷ್ಟೋ ಸಲ ಯೋಚಿಸಿದ್ದೇನೆ.

ನನ್ನ ಮಟ್ಟಿಗೆ ಪ್ರಶ್ನೆಗೆ ಇಷ್ಟು ಉತ್ತರ ಸಿಕ್ಕಿದೆ. ಎಣಿಕೆಗೆ ಸಿಗದ ಕೆಲಸ ಮಾಡುವವರಿಗೆ ಹಣ ಕೊಡುವುದು ಸರಿ, ಕೃತಜ್ಞತೆ ಹೇಳುವುದೂ ಸರಿ. ಆದರೆ ಅವರಿಗೆ ಮೊದಲು ಸಲ್ಲಬೇಕಾದದ್ದು, ಸ್ವಲ್ಪ ತಡೆಯಿರಿ ಎಂದಾಗ ಆಟ ನಿಲ್ಲುತ್ತದೆ ಎಂಬ ಭರವಸೆ. ಆ ಭರವಸೆಯಿದ್ದರೆ ಕಾಯುವುದು ಒಂದು ಪ್ರೀತಿಯ ಕೆಲಸವಾಗಿ ಉಳಿಯುತ್ತದೆ. ಅದಿಲ್ಲದಿದ್ದರೆ ಎಷ್ಟೇ ಅಂಕ ಕೊಟ್ಟರೂ ಅದು ಸೆರೆ. ನಮ್ಮ ಹೆಣ್ಣುಮಕ್ಕಳಿಗೆ ಮದುವೆಯ ಹೊತ್ತಿನಲ್ಲಿ, ಕೆಲಸಕ್ಕೆ ಸೇರುವ ಹೊತ್ತಿನಲ್ಲಿ ನೂರು ಬುದ್ಧಿ ಹೇಳುತ್ತೇವೆ. ಅದರ ಜೊತೆಗೆ, ಅಲ್ಲಿ ನೀನು ಸುಸ್ತಾಗಿದೆ ಎಂದರೆ ಕೆಲಸ ಎತ್ತಿಕೊಳ್ಳುವವರು ಯಾರು ಎಂದು ಮೊದಲೇ ಕೇಳಿ ತಿಳಿದುಕೋ ಎಂಬ ಮಾತನ್ನೂ ಹೇಳಬಾರದೇಕೆ? ಗಂಡುಮಕ್ಕಳಿಗೆ, ವಾರದಲ್ಲಿ ಒಂದು ದಿನವಾದರೂ ಹಕ್ಕಿಯ ಹತ್ತಿರ ನಿಲ್ಲಪ್ಪ ಎನ್ನಬೇಕು. ಅಲ್ಲಿ ನಿಂತವರಿಗೆ ಮಾತ್ರ ಅರ್ಥವಾಗುವ ಸುಸ್ತು ಅದು.